ಉಕ್ಕಿನ ಓಲೆಗರಿಗಳು

ಸಂಶೋಧನೆ ಎಂದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ. ಮೂಗಿನ ತುದಿಗೆ ಜಾರಿದ ಕನ್ನಡಕ, ಗೆದ್ದಲು ತಿಂದ ಓಲೆಯ ಕಟ್ಟು, ಒಂದು ಅಕ್ಷರ ‘ವ’ಕಾರವೋ ‘ಮ’ಕಾರವೋ ಎಂದು ತಿಂಗಳುಗಟ್ಟಲೆ ನಡೆಯುವ ಜಗಳ. ಈ ಚಿತ್ರವನ್ನು ಕಂಡು ನಗುವವರೇ ಹೆಚ್ಚು. ಗ್ರಂಥಸಂಪಾದನೆಯನ್ನು ವಿಶೇಷ ವಿಷಯವಾಗಿ ಓದಿ ಕನ್ನಡ ಎಂ.ಎ. ಮಾಡಿ, ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುತ್ತಿರುವ ನನಗೆ ಆ ನಗೆ ಅಭ್ಯಾಸವಾಗಿಹೋಗಿದೆ. ಆದರೆ ಅದೇ ಕನ್ನಡಕ, ಅದೇ ಧೂಳು, ಅದೇ ಅಕ್ಷರದ ಜಗಳ ಮೋಟಾರು ಕಾರುಗಳ ಸುತ್ತಲೂ ಇರಬಹುದೆಂದು ನಾನು ಕನಸಿನಲ್ಲಿಯೂ ಎಣಿಸಿದವನಲ್ಲ.

ಎರಡು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ, ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿರುವ ಅಕ್ಕನ ಮನೆಯಲ್ಲಿ ಆರು ವಾರ ಇದ್ದು ಬಂದೆ. ಭಾವನವರು ಗಣಕಯಂತ್ರದ ಎಂಜಿನಿಯರು. ಶನಿವಾರ ಬಂತೆಂದರೆ ಅಲ್ಲಿಯ ಕನ್ನಡಿಗರಲ್ಲಿ ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ, ಕೆಲವರು ಕನ್ನಡ ಕೂಟಕ್ಕೆ. ನಮ್ಮ ಭಾವನವರು ಹಳೆಯ ಕಾರುಗಳ ಸಂತೆಗೆ. “ಬಾರಯ್ಯ, ನಿನ್ನ ಪಂಪನಿಗಿಂತ ಹೆಚ್ಚು ಪಾಠಾಂತರ ಇಲ್ಲಿವೆ” ಎಂದು ನನ್ನನ್ನೂ ಎಳೆದುಕೊಂಡು ಹೋದರು. ಹಾಸ್ಯಕ್ಕೆ ಹೇಳಿದ ಮಾತು. ಸಂಜೆಯ ಹೊತ್ತಿಗೆ ಅದು ಹಾಸ್ಯವಾಗಿ ಉಳಿದಿರಲಿಲ್ಲ.

ಆ ಸಂತೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ‘ಮಸಲ್ ಕಾರು’. ಮಾಂಸಖಂಡ ಬೆಳೆಸಿದ ಕಾರು ಎಂದರ್ಥ. ‘ಜಟ್ಟಿ ಕಾರು’ ಎಂದರೆ ನಮಗೆ ಹತ್ತಿರವಾದೀತು. ಸಾಧಾರಣ ಸಂಸಾರವಂದಿಗನ ಕಾರಿನ ಒಡಲಿನಲ್ಲಿ ಭಾರಿ ಎಂಜಿನನ್ನು ಕೂರಿಸಿ, ತರುಣರು ಕೊಳ್ಳಬಲ್ಲ ಬೆಲೆಗೆ ಮಾರಿದ ಗಾಡಿಗಳು ಇವು. ಇವುಗಳ ವಂಶವೃಕ್ಷದ ಮೂಲಪುರುಷ ೧೯೬೪ರ ಪಾಂಟಿಯಾಕ್ ಜಿಟಿಓ ಎಂದು ಬಹುಮಂದಿಯ ಮತ. ಅದರ ಹುಟ್ಟೇ ಒಂದು ತಂಟೆಯ ಕಥೆ. ಪಾಂಟಿಯಾಕಿನ ಒಡೆತನ ಜನರಲ್ ಮೋಟಾರ್ಸ್ ಸಂಸ್ಥೆಯದು. ತನ್ನ ವಿಭಾಗಗಳು ಪಂದ್ಯಗಳ ಗೋಜಿಗೆ ಹೋಗಕೂಡದೆಂದು ೧೯೬೩ರಲ್ಲಿ ಸಂಸ್ಥೆ ಅಪ್ಪಣೆ ಮಾಡಿತ್ತು. ಮಧ್ಯಮ ಗಾತ್ರದ ಕಾರಿಗೆ ೩೩೦ ಘನ ಅಂಗುಲಕ್ಕೆ ಮೀರಿದ ಎಂಜಿನ್ನೂ ಕೂಡದು ಎಂಬ ಕಟ್ಟಳೆಯಿತ್ತು. ಪಾಂಟಿಯಾಕಿನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ನನೂ ಅವನ ಜೊತೆಯವರೂ ೩೮೯ ಘನ ಅಂಗುಲದ ಎಂಜಿನನ್ನು ಲೆಮಾನ್ಸ್ ಎಂಬ ಮಧ್ಯಮ ಕಾರಿಗೆ ಇಳಿಸಿ, ಇದು ಹೊಸ ಮಾದರಿಯಲ್ಲ, ಗಿರಾಕಿ ಬಯಸಿದರೆ ಹೆಚ್ಚಿನ ಹಣ ಪಡೆದು ಕೊಡುವ ಜೋಡಣೆ ಮಾತ್ರ ಎಂದು ಕಾಗದದಲ್ಲಿ ತೋರಿಸಿದರು. ಮೇಲಿನವರಿಗೆ ತಿಳಿಯುವಷ್ಟರಲ್ಲಿ ಗಾಡಿ ಊರೆಲ್ಲ ಓಡಾಡುತ್ತಿತ್ತು. ಮೊದಲ ವರ್ಷವೇ ೩೨,೪೫೦ ಮಾರಾಟವಾಯಿತು. ಲಾಭ ಕಂಡ ಮೇಲೆ ಕಟ್ಟಳೆಯ ಮಾತೆತ್ತುವವರು ಯಾರು?

ಎಂಟು ಹತ್ತು ವರ್ಷ ಈ ಜಟ್ಟಿಗಳ ಮೆರೆದಾಟ ನಡೆಯಿತು. ವಿಮೆಯ ದರ ಏರಿತು, ಹೊಗೆಯ ಕಾಯಿದೆಗಳು ಬಂದವು, ೧೯೭೩ರಲ್ಲಿ ಎಣ್ಣೆಯ ಬರ ಬಂತು, ಆಟ ಮುಗಿಯಿತು. ಹಳೆಯ ಗಾಡಿಗಳು ಗುಜರಿಯ ಬೆಲೆಗೆ ಇಳಿದವು. ಅವನ್ನು ಹುಡುಗರು ಕೊಂಡು ಓಡಿಸಿ ಮುರಿದರು. ಆ ಹುಡುಗರೇ ಬೆಳೆದು, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ, ತಮ್ಮ ಪ್ರಾಯದ ಕಾರು ಬೇಕೆಂದು ಹಂಬಲಿಸಿದರು. ಬೇಡಿಕೆ ಬಂದಲ್ಲಿ ಬೆಲೆ ಬರುತ್ತದೆ. ಬೆಲೆ ಬಂದಲ್ಲಿ ಕೃತಕವೂ ಬರುತ್ತದೆ. ಸಂಶೋಧಕನ ಹುಟ್ಟು ಅಲ್ಲಿಂದ.

ಈಗ ನನ್ನ ಮನಸ್ಸನ್ನು ಸೆಳೆದ ವಿಷಯಕ್ಕೆ ಬರುತ್ತೇನೆ. ೧೯೬೪ ಮತ್ತು ೧೯೬೫ರಲ್ಲಿ ಜಿಟಿಓ ಎಂಬುದು ಕೇವಲ ‘ಹೆಚ್ಚಿನ ಜೋಡಣೆ’ಯಾಗಿದ್ದುದರಿಂದ ಕಾರಿನ ಮೇಲೆ ಕೊರೆದ ಸಂಖ್ಯೆಯಲ್ಲಿ ಅದರ ಸುಳಿವೇ ಇಲ್ಲ. ೧೯೬೫ರ ಲೆಮಾನ್ಸಿನ ಸಂಖ್ಯೆಯೂ ೨೩೭ರಿಂದ ಆರಂಭ, ಜಿಟಿಓ ಸಂಖ್ಯೆಯೂ ೨೩೭ರಿಂದಲೇ ಆರಂಭ. ೧೯೬೬ರಲ್ಲಿ ಅದು ಪ್ರತ್ಯೇಕ ಮಾದರಿಯಾದ ಮೇಲೆ ೨೪೨ ಎಂಬ ಸ್ವಂತ ಅಂಕ ಬಂತು. ಎಂದರೆ, ಮೊದಲ ಎರಡು ವರ್ಷಗಳ ಗಾಡಿಗಳಲ್ಲಿ ನಾಲ್ಕು ಲಾಂಛನ ತಿರುಪಿ, ದೊಡ್ಡ ಎಂಜಿನ್ನು ಕೂರಿಸಿದರೆ ಸಾಧಾರಣ ಕಾರು ಜಿಟಿಓ ಆಗಿಬಿಡುತ್ತದೆ. ಯಾರು ಗುರುತಿಸಬೇಕು? ಪಾಂಟಿಯಾಕ್ ಎಂಬ ಹೆಸರೇ ೨೦೧೦ರಲ್ಲಿ ಇಲ್ಲವಾಯಿತು. ಆದರೆ ಕಾರ್ಖಾನೆಯಿಂದ ಪ್ರತಿ ಕಾರಿನೊಡನೆ ವ್ಯಾಪಾರಿಗೆ ಹೋದ ಬೀಜಕಗಳ ಕಿರುಚಿತ್ರಗಳು, ೧೯೬೧ರಿಂದ ಈಚಿನವು, ಉಳಿದುಕೊಂಡಿವೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆಗೆ ಸಂಖ್ಯೆ ಬರೆದು ಹಣ ಕಳುಹಿಸಿದರೆ ಆ ಬೀಜಕದ ನಕಲು ಬರುತ್ತದೆ. ಆ ಒಂದು ಹಾಳೆಯೇ ಮೂಲಪ್ರತಿ.

ಫೋರ್ಡ್ ಕಾರುಗಳ ಭಕ್ತರಿಗೂ ಇಂಥ ಭಾಗ್ಯವುಂಟು: ೧೯೬೭ರಿಂದ ಮುಂದಿನ ಕಾರುಗಳ ದಾಖಲೆಯನ್ನು ಆಧರಿಸಿದ ‘ಮಾರ್ಟಿ ವರದಿ’. ಕ್ರೈಸ್ಲರ್ ಅಭಿಮಾನಿಗಳ ಪಾಡು ಅಷ್ಟು ಸುಖದ್ದಲ್ಲ. ಕಂಪನಿಯಲ್ಲಿ ೧೯೬೭ರವರೆಗಿನ ಕಾರ್ಡುಗಳು ಉಳಿದಿವೆ, ಜಟ್ಟಿ ಕಾರುಗಳ ಸುಗ್ಗಿಯ ಕಾಲದ್ದು ಮಾತ್ರ ಇಲ್ಲ. ಅವರು ಹುಡುಕುವುದು ಸೀಟಿನ ಒಳಗೆ! ಕಾರ್ಖಾನೆಯ ಸಾಲಿನಲ್ಲಿ ಕೆಲಸಗಾರರು ನೋಡಿ ಜೋಡಿಸಲೆಂದು ಪ್ರತಿ ಕಾರಿಗೂ ಒಂದು ಹಾಳೆ ಇರುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನು ಸೀಟಿನ ಸ್ಪ್ರಿಂಗಿನ ನಡುವೆಯೋ ಜಮಖಾನದ ಅಡಿಯಲ್ಲೋ ಸಿಕ್ಕಿಸಿಬಿಡುತ್ತಿದ್ದರು. ಐವತ್ತು ವರ್ಷಗಳ ಮೇಲೆ ಒಬ್ಬ ಮನುಷ್ಯ ಹಳೆಯ ಸೀಟಿನ ಹೊಟ್ಟೆ ಬಗೆದು, ಇಲಿ ಕಡಿದು ಉಳಿದ ಅಂಗೈಯಗಲದ ಕಾಗದವನ್ನು ಇಕ್ಕುಳದಿಂದ ಮೆಲ್ಲಗೆ ಬಿಡಿಸುವುದನ್ನು ನಾನು ಕಣ್ಣಾರೆ ಕಂಡೆ. ಆ ಕೈಗಳ ನಡುಕ ನನಗೆ ಹೊಸದಾಗಿರಲಿಲ್ಲ. ನಮ್ಮ ಗುರುಗಳೊಬ್ಬರು ಓಲೆಯ ಕಟ್ಟಿನ ದಾರ ಬಿಚ್ಚುವಾಗ ಅವರ ಕೈಯೂ ಹೀಗೆಯೇ ನಡುಗುತ್ತಿತ್ತು.

ಭಾವನವರ ಬೀದಿಯಲ್ಲಿಯೇ ಎಪ್ಪತ್ತರ ಹತ್ತಿರದ ಒಬ್ಬರು ಇದ್ದರು. ವಿದ್ಯುತ್ ಕಂಬ ಹತ್ತುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಬಳಿ ಕಡುನೀಲಿಯ ೧೯೬೫ರ ಪಾಂಟಿಯಾಕ್ ಒಂದಿತ್ತು. ಅದು ಅವರ ಅಣ್ಣನದು. ಬೆತ್ಲಹೆಮ್ಮಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆ ಅಣ್ಣ ೧೯೬೯ರ ರಜೆಯೊಂದರಲ್ಲಿ ಮನೆಯ ಮುಂದೆ ಅದನ್ನು ತಂದು ನಿಲ್ಲಿಸಿ, “ಜಿಟಿಓ ಕೊಂಡೆ” ಎಂದನಂತೆ. ಆಗ ಇವರಿಗೆ ಹದಿಮೂರು ವರ್ಷ. ಆ ಕ್ಷಣದ ಹೆಮ್ಮೆ ಇವರ ಮುಖದಲ್ಲಿ ಇನ್ನೂ ಆರಿರಲಿಲ್ಲ. ಅಣ್ಣ ಹೋಗಿ ಹನ್ನೆರಡು ವರ್ಷವಾಗಿತ್ತು. ಕಾರು ಇವರ ಪಾಲಿಗೆ ಬಂದಿತ್ತು. ಹಿಂದಿನ ವರ್ಷ ಒಂದು ಪ್ರದರ್ಶನದಲ್ಲಿ ಯಾರೋ ಬಲ್ಲವರು ಬಾನೆಟ್ಟಿನ ಒಳಗೆ ಇಣುಕಿ, ತುಟಿ ತಿರುಚಿ, ಏನೂ ಹೇಳದೆ ಹೊರಟುಹೋದರು. ಅಂದಿನಿಂದ ಇವರಿಗೆ ನಿದ್ರೆ ಕೆಟ್ಟಿತು. ಬೀಜಕಕ್ಕೆ ಬರೆಯಬೇಕು, ಬರೆಯಬಾರದು. ಬರೆದರೆ ಅಣ್ಣನನ್ನು ಅನುಮಾನಿಸಿದಂತೆ. ಬರೆಯದಿದ್ದರೆ ತನ್ನನ್ನೇ ವಂಚಿಸಿಕೊಂಡಂತೆ.

ಶಾಸನದ ಪಡಿಯಚ್ಚು ತೆಗೆಯುವ ವಿಧಾನವನ್ನು ನಾನು ಮಾತಿಗೆ ಮಾತು ಬಂದು ಅವರಿಗೆ ವಿವರಿಸಿದ್ದೆ. ಮರುದಿನ ಬೆಳಗ್ಗೆಯೇ ಅವರು ಬಾಗಿಲಲ್ಲಿ ನಿಂತಿದ್ದರು: “ಪ್ರೊಫೆಸರೇ, ನಿಮ್ಮ ಕಾಗದ ಪೆನ್ಸಿಲು ತನ್ನಿ.” ಎಂಜಿನ್ನನ್ನು ಎರಕ ಹೊಯ್ದ ದಿನ ಅದರ ಮೈಮೇಲೆಯೇ ಉಬ್ಬಕ್ಷರದಲ್ಲಿ ಇರುತ್ತದೆ, ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ತಾರೀಖು, ಕೊನೆಗೆ ವರ್ಷದ ಕಡೆಯ ಅಂಕಿ ಮಾತ್ರ. ನಮ್ಮ ಸಂವತ್ಸರದ ತೊಡಕೇ ಇಲ್ಲಿಯೂ ಇದೆ. ಅರುವತ್ತು ವರ್ಷಕ್ಕೊಮ್ಮೆ ಪ್ರಭವ ಮರಳಿ ಬರುವಂತೆ ಅಲ್ಲಿ ಹತ್ತು ವರ್ಷಕ್ಕೊಮ್ಮೆ ಅಂಕಿ ಮರಳುತ್ತದೆ. ಎಂಜಿನ್ನಿನ ಹಿಂಬದಿಯ ಇಕ್ಕಟ್ಟಿನಲ್ಲಿ ಜಿಡ್ಡು ಒರೆಸಿ, ತೆಳುವಾದ ಕಾಗದ ಒತ್ತಿ, ಪೆನ್ಸಿಲಿನ ಮೈಯನ್ನು ಮೆಲ್ಲಗೆ ಉಜ್ಜಿದೆ. ಭಾವನವರು ದೀಪ ಹಿಡಿದಿದ್ದರು. ಮೂಡಿದ್ದು ಡಿ, ಹನ್ನೊಂದು, ಆರು. ಎಂದರೆ ಏಪ್ರಿಲ್ ತಿಂಗಳ ೧೧ನೆಯ ತಾರೀಖು, ೧೯೬೬. ಕಾರು ೧೯೬೫ರದು. ಕಾವ್ಯದೊಳಗೆ ಕವಿ ಸತ್ತ ಮೇಲಿನ ಅರಸನ ಹೆಸರು ಬಂದರೆ ನಾವು ಏನು ಹೇಳುತ್ತೇವೆ? ಪ್ರಕ್ಷಿಪ್ತ.

ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವರು ಅಂದೇ ಬೀಜಕಕ್ಕೆ ಬರೆದರು. ಉತ್ತರ ಬಂದ ದಿನ ನಮ್ಮನ್ನು ಕರೆದು, ನಮ್ಮೆದುರಿಗೆ ಲಕೋಟೆ ಒಡೆದರು. ಲೆಮಾನ್ಸ್, ಎಂಜಿನ್ನು ೩೨೬ ಘನ ಅಂಗುಲ, ಜಿಟಿಓ ಜೋಡಣೆಯ ಸಾಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಅಣ್ಣನ ಹತ್ಯಾರಗಳ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಬರಿದುಮಾಡಿದರು. ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಕಾಗದಗಳ ನಡುವೆ, ಎಣ್ಣೆ ಕುಡಿದು ಗಾಜಿನಂತಾದ ಒಂದು ರಶೀದಿ. ಗುಜರಿ ಅಂಗಡಿಯೊಂದರದು. ೧೯೬೮ರ ಚಳಿಗಾಲ. ‘ಪಾಂಟಿಯಾಕ್ ಎಂಜಿನ್, ೩೮೯, ಒಂದು.’ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಬಾಡಿಗೆಯ ಕೊಟ್ಟಿಗೆಯಲ್ಲಿ, ಆ ಚಳಿಯಲ್ಲಿ, ಒಂಟಿಯಾಗಿ ಆ ಅಣ್ಣ ಅದನ್ನು ಇಳಿಸಿ ಕೂರಿಸಿದ್ದ. “ಕೊಂಡೆ ಎಂದು ಹೇಳಿದ. ಕಟ್ಟಿದೆ ಎಂದು ಹೇಳಲಿಲ್ಲವಲ್ಲ!” ಎಂದರು ಅವರು. ಅದು ದೂರೋ ಮೆಚ್ಚಿಕೆಯೋ, ನನಗೆ ತಿಳಿಯಲಿಲ್ಲ. ಬೇಸಗೆಯ ಕೊನೆಯ ಸಂತೆಗೆ ಅವರು ಕಾರನ್ನು ತಂದಾಗ ಗಾಜಿಗೆ ಆನಿಸಿದ ರಟ್ಟಿನ ಮೇಲೆ ಹೀಗೆ ಬರೆದಿತ್ತು: ೧೯೬೫ರ ಲೆಮಾನ್ಸ್, ಇದನ್ನು ಜಿಟಿಓ ಮಾಡಿದವನು ನನ್ನ ಅಣ್ಣ. ಪಕ್ಕದಲ್ಲಿ ರಶೀದಿಗೆ ಚೌಕಟ್ಟು. ಮಾರಿದರೆ ಈಗ ಬೆಲೆ ಎಷ್ಟೋ ಕಡಿಮೆಯೆಂದು ಭಾವನವರು ನನ್ನ ಕಿವಿಯಲ್ಲಿ ಹೇಳಿದರು. ಮಾರುವವರು ಯಾರಿದ್ದರು?

ಬೀದಿಯ ಕಾರಿಗೆ ಬೀಜಕವಾದರೂ ಉಂಟು. ಪಂದ್ಯದ ಕಾರಿಗೆ ಅದೂ ಇಲ್ಲ. ಪಂದ್ಯದವರಿಗೆ ಕಾರು ಒಂದು ಹತ್ಯಾರ, ಋತು ಮುಗಿದ ಮೇಲೆ ಅದಕ್ಕೆ ಬೇರೆ ಬಣ್ಣ, ಬೇರೆ ಸಂಖ್ಯೆ, ಮರುವರ್ಷ ಇನ್ನೂ ಬಡ ತಂಡಕ್ಕೆ ಮಾರಾಟ, ಅಲ್ಲಿಂದ ಹಳ್ಳಿಯ ಮಣ್ಣಿನ ಪಂದ್ಯ, ಅಲ್ಲಿಂದ ಗುಜರಿ. ೧೯೭೦ರ ಮಾರ್ಚ್ ೨೪ರಂದು ಅಲಬಾಮ ಸಂಸ್ಥಾನದ ಟಾಲಡೇಗ ಪಥದಲ್ಲಿ ಬಡ್ಡಿ ಬೇಕರ್ ಎಂಬ ಸಾರಥಿ ಡಾಡ್ಜ್ ಚಾರ್ಜರ್ ಡೇಟೋನಾ ಕಾರನ್ನು ಗಂಟೆಗೆ ೨೦೦.೪೪೭ ಮೈಲಿಯ ವೇಗದಲ್ಲಿ ಓಡಿಸಿದ. ಮೊನಚು ಮೂತಿ, ಬೆನ್ನಿನ ಮೇಲೆ ಎರಡಡಿಯಷ್ಟು ಎತ್ತರದ ರೆಕ್ಕೆ. ಕಾರಿಗಿಂತ ಗರುಡನಿಗೆ ಹತ್ತಿರ. ಸುತ್ತುಪಥದಲ್ಲಿ ಇನ್ನೂರರ ಗೆರೆ ದಾಟಿದ್ದು ಅದೇ ಮೊದಲೆಂದು ಪ್ರಸಿದ್ಧವಾಯಿತು. ಅಷ್ಟು ಕೀರ್ತಿ ಪಡೆದ ಕ್ರೈಸ್ಲರಿನ ಆ ಪರೀಕ್ಷಾ ಕಾರೇ ಆಮೇಲೆ ಕಣ್ಮರೆಯಾಯಿತು. ಎಷ್ಟೋ ವರ್ಷಗಳ ಅನಂತರ ಉತ್ಸಾಹಿಯೊಬ್ಬ ಅದರ ಜಾಡು ಹಿಡಿದು, ಕೊಂಡು, ವರ್ಷಗಟ್ಟಲೆ ದುಡಿದು ಮೊದಲಿನ ರೂಪಕ್ಕೆ ತಂದ.

ಇಂಥವರು ಕಾರನ್ನು ಹೇಗೆ ಗುರುತಿಸುತ್ತಾರೆ? ಬಣ್ಣದ ಪದರಗಳನ್ನು ಸೂಕ್ಷ್ಮವಾಗಿ ಕೆರೆದು ಕೆಳಗಿನ ಬಣ್ಣ ಯಾವುದು, ಅದರ ಕೆಳಗಿನದು ಯಾವುದು ಎಂದು ನೋಡುತ್ತಾರೆ. ಬೆಸುಗೆಯ ಕೈವಾಡ ನೋಡುತ್ತಾರೆ. ಮುಚ್ಚಿದ ತೂತುಗಳನ್ನು ಎಣಿಸಿ, ಪಂದ್ಯದ ದಿನದ ಹಳೆಯ ಛಾಯಾಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಬದುಕಿರುವ ಮುದಿ ಕಮ್ಮಾರನನ್ನು ಹುಡುಕಿಕೊಂಡು ಹೋಗಿ, “ಈ ಪಟ್ಟಿಯನ್ನು ಬೆಸೆದವರು ನೀವೇ?” ಎಂದು ಕೇಳುತ್ತಾರೆ. ಆ ಮುದುಕ ಸತ್ತರೆ ಒಂದು ಗ್ರಂಥಭಂಡಾರಕ್ಕೆ ಬೆಂಕಿ ಬಿದ್ದ ಹಾಗೆ ದುಃಖಪಡುತ್ತಾರೆ. ಸಂಬಳವಿಲ್ಲ, ಪದವಿಯಿಲ್ಲ, ಪ್ರಬಂಧ ಒಪ್ಪಿಸುವ ಗಡುವಿಲ್ಲ. ನಮ್ಮ ಕೆಲವು ಪಿಎಚ್.ಡಿ.ಗಳನ್ನು ನೆನೆದು ನಾನು ಸುಮ್ಮನಾದೆ.

ಫಿಲಡೆಲ್ಫಿಯ ನಗರದಲ್ಲಿ ಸಿಮಿಯೋನ್ ವಸ್ತುಸಂಗ್ರಹಾಲಯ ಎಂಬುದೊಂದಿದೆ. ೨೦೦೮ರಲ್ಲಿ ತೆರೆದದ್ದು. ಅದನ್ನು ಕಟ್ಟಿದ ಡಾಕ್ಟರ್ ಫ್ರೆಡ್ ಸಿಮಿಯೋನ್ ಹೆಸರಾದ ನರಶಸ್ತ್ರವೈದ್ಯರು, ೨೦೨೨ರಲ್ಲಿ ತೀರಿಕೊಂಡರು. ಮನುಷ್ಯರ ಮೆದುಳನ್ನು ಬಿಚ್ಚಿ ಹೊಲಿದ ಆ ಕೈ ಹಳೆಯ ಪಂದ್ಯದ ಕಾರುಗಳನ್ನು ಮಾತ್ರ ಆದಷ್ಟೂ ಬಿಚ್ಚಬೇಡಿ ಎನ್ನುತ್ತಿತ್ತು. ಅಲ್ಲಿ ನಾನು ಬಹಳ ಹೊತ್ತು ನಿಂತದ್ದು ಒಂದು ಶೆಲ್ಬಿ ಕೋಬ್ರಾ ಡೇಟೋನಾ ಕೂಪೆಯ ಮುಂದೆ. ಸಂಖ್ಯೆ ಸಿಎಸ್ಎಕ್ಸ್ ೨೨೮೭. ಪೀಟರ್ ಬ್ರಾಕ್ ಎಂಬ ತರುಣ ರೂಪಿಸಿದ ಈ ಬಗೆಯ ಕಾರುಗಳು ಆರೇ ಆರು. ಇದು ಮೊದಲನೆಯದು, ೧೯೬೪ರದು. ಫೆರಾರಿಯವರ ಸೊಕ್ಕನ್ನು ಮುರಿಯಲೆಂದೇ ಹುಟ್ಟಿದ್ದು. ೧೯೬೫ರಲ್ಲಿ ಈ ಕಾರುಗಳ ಬಲದಿಂದ ಶೆಲ್ಬಿ ತಂಡ ಜಾಗತಿಕ ಜಿಟಿ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಈ ಕಾರು ಬಾನವಿಲ್‌ನ ಉಪ್ಪಿನ ಬಯಲಿನಲ್ಲಿ ವೇಗದ ದಾಖಲೆಗಳನ್ನು ಸ್ಥಾಪಿಸಿತು. ಆಮೇಲೆ? ಕೈ ಬದಲಾಗುತ್ತ ಸಂಗೀತದ ತಟ್ಟೆಗಳ ನಿರ್ಮಾಪಕ ಫಿಲ್ ಸ್ಪೆಕ್ಟರನ ಬಳಿಗೆ ಬಂತು. ಅಲ್ಲಿಂದ ಅವನ ಅಂಗರಕ್ಷಕನ ಮನೆತನಕ್ಕೆ. ಆ ಮನೆಯ ಮಗಳು ಅದನ್ನು ಬಾಡಿಗೆಯ ಗೋದಾಮಿನಲ್ಲಿ ಬೀಗ ಹಾಕಿ ಇಟ್ಟಳು. ಕೊಳ್ಳಲು ಬಂದವರನ್ನೆಲ್ಲ ಹಿಂದಕ್ಕೆ ಕಳುಹಿಸಿದಳು. ೨೦೦೦ದಲ್ಲಿ ಆಕೆ ತೀರಿಕೊಂಡ ಮೇಲೆಯೇ ಲೋಕ ಮತ್ತೆ ಅದನ್ನು ಕಂಡದ್ದು. ಆಕೆ ಯಾಕೆ ಹಾಗೆ ಮಾಡಿದಳೆಂದು ಹಲವರು ಹಲವು ಬಗೆಯಾಗಿ ಹೇಳುತ್ತಾರೆ. ಆದರೆ ಬೀಗ ಹಾಕಿದ್ದರಿಂದಲೇ ಅದು ಉಳಿಯಿತು. ಯಾರೂ ತಿದ್ದಲಿಲ್ಲ. ಉಜ್ಜಲಿಲ್ಲ. ಸುಲಿದ ಬಣ್ಣ, ಗೀರು, ಕಲೆ, ಎಲ್ಲ ಹಾಗೆಯೇ ಇವೆ. ಅಮೆರಿಕದಲ್ಲಿ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆ ೨೦೧೪ರಲ್ಲಿ ಆರಂಭವಾದಾಗ ಮೊದಲ ಪುಟದಲ್ಲಿ ಬರೆದದ್ದು ಈ ಕಾರನ್ನೇ.

ಇಲ್ಲಿ ಭಾವನವರಿಗೂ ನನಗೂ ಒಂದು ವಾದ ಹತ್ತಿತು. “ಇಷ್ಟು ದೊಡ್ಡ ಕಾರಿಗೆ ಒಂದು ಕೈ ಬಣ್ಣ ಹೊಡೆಸಬಾರದೇ?” ಎಂದರು ಅವರು. ಸಂತೆಗಳಲ್ಲಿ ಬಹುಮಾನ ಪಡೆಯುವ ಕಾರುಗಳನ್ನು ನಾನು ನೋಡಿದ್ದೆ. ಕಾರ್ಖಾನೆಯಿಂದ ಹೊರಬಿದ್ದ ದಿನವೂ ಅವು ಅಷ್ಟು ಹೊಳೆದಿರಲಾರವು. ಅದಕ್ಕಿಂತ ಸೋಜಿಗವೆಂದರೆ, ಹಳೆಯ ಕಾರ್ಖಾನೆಯ ಪರೀಕ್ಷಕರು ಸೀಮೆಸುಣ್ಣದಿಂದ ಗೀಚುತ್ತಿದ್ದ ಗುರುತುಗಳನ್ನೂ ಈಗ ಕೆಲವರು ಹೊಸದಾಗಿ ಬರೆದು ಸೇರಿಸುತ್ತಾರೆ! ನಿಜವಾದ ಗುರುತನ್ನು ತೊಳೆದು ಹಾಕಿ, ಅದರ ನಕಲನ್ನು ಅದೇ ಜಾಗದಲ್ಲಿ ಬರೆಯುವುದು. ಓಲೆಯ ಅಕ್ಷರ ಕಾಣದೆಂದು ಅದರ ಮೇಲೆ ತನಗೆ ತೋಚಿದಂತೆ ತಿದ್ದಿದ ಲಿಪಿಕಾರನನ್ನು ನಾವು ಇಂದಿಗೂ ಶಪಿಸುತ್ತೇವೆ. ಅವನೂ ಪ್ರೀತಿಯಿಂದಲೇ ತಿದ್ದಿದವನು. ಭಾವನವರು ಒಪ್ಪಲಿಲ್ಲ. “ಓಲೆ ಓಡುವುದಿಲ್ಲ ಕಣಯ್ಯ. ಕಾರು ಓಡಬೇಕು” ಎಂದರು. ಅದೂ ಸುಳ್ಳಲ್ಲ. ಆ ಸಂಗ್ರಹಾಲಯದವರೇ ಕೆಲವು ಶನಿವಾರಗಳಂದು ಕಾರುಗಳನ್ನು ಹಿತ್ತಲ ಬಯಲಿಗೆ ತಂದು ಓಡಿಸಿ ತೋರಿಸುತ್ತಾರೆ. ಬಣ್ಣ ಹೊಡೆಯುವುದಿಲ್ಲ, ಆದರೆ ಓಡಿಸುತ್ತಾರೆ. ನಮ್ಮ ವಾದಕ್ಕೆ ತೀರ್ಪು ಕೊಟ್ಟವರು ಅವರು. ಇಬ್ಬರೂ ಗೆದ್ದೆವೆಂದುಕೊಂಡು ಮನೆಗೆ ಬಂದೆವು.

ಊರಿಗೆ ಮರಳಿದ ಮೇಲೆ ಇವನ್ನೆಲ್ಲ ಮನೆಯಲ್ಲಿ ವರ್ಣಿಸಿದೆ. ನನ್ನ ಶ್ರೀಮತಿಗೆ ಬೀಜಕ, ಎರಕದ ತಾರೀಖು ಯಾವುದೂ ಹಿಡಿಸಲಿಲ್ಲ. ಹಿಡಿಸಿದ್ದು ‘ಬುಲಿಟ್’ ಚಿತ್ರದ ಮಸ್ಟಾಂಗಿನ ಕಥೆ. ೧೯೬೮ರ ಆ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಗಳಲ್ಲಿ ಹಾರಿಸಿದ ಹಸುರು ಫೋರ್ಡ್ ಮಸ್ಟಾಂಗುಗಳು ಎರಡು. ಅವುಗಳ ಸಂಖ್ಯೆಯ ಕೊನೆಯ ಅಂಕಿಗಳು ೫೫೮ ಮತ್ತು ೫೫೯. ಕುಣಿದು ಜಜ್ಜಿಹೋದ ೫೫೮ ಗುಜರಿಯಾಯಿತೆಂದೇ ಎಲ್ಲರೂ ನಂಬಿದ್ದರು. ಅರ್ಧ ಶತಮಾನದ ಬಳಿಕ ಅದರ ಒಡಲು ಮೆಕ್ಸಿಕೋದಲ್ಲಿ ಬಿದ್ದಿರುವುದು ಕಂಡಿತು. ಕೊಂಡವರು ಅದಕ್ಕೆ ಇನ್ನೊಂದು ಚಿತ್ರದ ಮಸ್ಟಾಂಗಿನ ವೇಷ ತೊಡಿಸಲು ಹೊರಟಿದ್ದರು. ಸಂಖ್ಯೆ ನೋಡಿ ಕೈ ತಡೆದರು. ಒಂದು ವಾರ ತಡವಾಗಿದ್ದರೆ ಏನಾಗುತ್ತಿತ್ತೋ!

೫೫೯ರ ಕಥೆ ಬೇರೆ. ೧೯೭೪ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ನ್ಯೂ ಜೆರ್ಸಿಯ ಸಂಸಾರವೊಂದು ಅದನ್ನು ಕೊಂಡಿತು. ೧೯೭೭ರಲ್ಲಿ ಸ್ವತಃ ಮೆಕ್ವೀನನೇ ಕಾಗದ ಬರೆದು, ಕಾರನ್ನು ತನಗೆ ಕೊಡಬೇಕೆಂದು ಕೇಳಿಕೊಂಡ. ಅವರು ಕೊಡಲಿಲ್ಲ. ೧೯೮೦ರಲ್ಲಿ ಕ್ಲಚ್ಚು ಕೆಟ್ಟಿತು, ಗಾಡಿ ಮೂಲೆಗೆ ಸೇರಿತು. ತಂದೆ ಹೋದ ಮೇಲೆ ಮಗ ಅದನ್ನು ಮತ್ತೆ ಓಡುವಂತೆ ಮಾಡಿ, ಹೊರಮೈಯ ತುಕ್ಕು ಗೀರುಗಳನ್ನು ಮುಟ್ಟದೆ, ೨೦೧೮ರ ಜನವರಿಯಲ್ಲಿ ಡೆಟ್ರಾಯಿಟಿನ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದ. ಚಿತ್ರೀಕರಣದ ಕ್ಯಾಮೆರಾಗಳನ್ನು ಬಿಗಿಯಲು ತಳಭಾಗದಲ್ಲಿ ಬೆಸೆದ ಕೊಳವೆ ತುಂಡುಗಳು ಹಾಗೆಯೇ ಇದ್ದವು. ಪರೀಕ್ಷಕರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. ೨೦೨೦ರ ಜನವರಿಯಲ್ಲಿ ಫ್ಲಾರಿಡದ ಹರಾಜಿನಲ್ಲಿ ಅದರ ಕೂಗು ನಿಂತದ್ದು ೩೪ ಲಕ್ಷ ಡಾಲರಿಗೆ.

ಕ್ಲಚ್ಚು ಕೆಡುವವರೆಗೆ ಆ ಕಾರನ್ನು ದಿನನಿತ್ಯ ಓಡಿಸುತ್ತಿದ್ದವಳು ಮನೆಯ ಯಜಮಾನಿ. ಆಕೆ ಶಾಲೆಯ ಉಪಾಧ್ಯಾಯಿನಿ. ಮಕ್ಕಳ ಕಾಪಿ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು, ಲೋಕವೆಲ್ಲ ಬೆರಗಾಗಿ ನೋಡಿದ ಆ ಕಾರಿನಲ್ಲಿ ಪಾಠ ಹೇಳಲು ಹೋಗಿ ಬರುತ್ತಿದ್ದಳು ಎಂದು ನಾನು ಸ್ವಲ್ಪ ರಸವೇರಿಸಿಯೇ ಹೇಳಿದೆ. ಕಾಪಿ ಪುಸ್ತಕ ನನ್ನ ಪ್ರಕ್ಷೇಪ, ಉಳಿದುದೆಲ್ಲ ಮೂಲದಲ್ಲಿದೆ.

ಶ್ರೀಮತಿ ಹುರಳಿಕಾಯಿಯ ನಾರು ತೆಗೆಯುತ್ತ ಎಲ್ಲವನ್ನೂ ಕೇಳಿದಳು. ಆಮೇಲೆ ತಲೆಯೆತ್ತಿ, “ಆ ಮೇಷ್ಟರಮ್ಮನಿಗೆ ಸಂಬಳ ಎಷ್ಟಿತ್ತಂತೆ?” ಎಂದಳು.